ಠಾಣೆಯ ಅಂಗಳದ ರಾಜಿ ಮತ್ತು ಪಾದಚಾರಿಯ ಹಕ್ಕು

ಸಂಪಾದಕರಿಗೆ,

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ಹೂ ಮಾರುವ ಹೆಂಗಸೊಬ್ಬರಿಗೆ ಬೈಕೊಂದು ಗುದ್ದಿ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಅಂದೇ ಸಂಜೆ ಠಾಣೆಯ ಅಂಗಳದಲ್ಲಿ ಹಿರಿಯರೆನಿಸಿಕೊಂಡ ನಾಲ್ವರು ಸೇರಿ, ಕೇಸು ಗೀಸು ಎಂದರೆ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ, ಹುಡುಗನೂ ಬಡವನೇ ಎಂದು ಒಪ್ಪಿಸಿ, ಎಂಟು ಸಾವಿರ ರೂಪಾಯಿ ಕೊಡಿಸಿ, ಬಲಗೈ ಪಟ್ಟಿಯಲ್ಲಿದ್ದುದರಿಂದ ಎಡಗೈ ಹೆಬ್ಬೆಟ್ಟನ್ನೇ ಬಿಳಿ ಹಾಳೆಗೆ ಒತ್ತಿಸಿಕೊಂಡರು. ಎಫ್‌ಐಆರ್ ಆಗಲಿಲ್ಲ. ಮೂರು ತಿಂಗಳು ಹೂ ಕಟ್ಟಲಾಗದೆ ಕುಳಿತ ಮೇಲೆ ಆಕೆಯ ಮಗ ಆ ಹಾಳೆಯ ಪ್ರತಿ ಹಿಡಿದು ನನ್ನಲ್ಲಿಗೆ ಬಂದ. ಅಪಘಾತ ಪರಿಹಾರದ ಪ್ರಕರಣಗಳನ್ನು, ಅಂದರೆ ನಾವು ಕೋರ್ಟಿನವರು ‘ಎಂವಿಸಿ’ ಎಂದು ಕರೆಯುವ ಕಡತಗಳನ್ನು, ಶಿರಸ್ತೇದಾರನಾಗಿ ವರ್ಷಗಟ್ಟಲೆ ಕಟ್ಟಿ ಬಿಚ್ಚಿದ ನನಗೆ ಆ ಹಾಳೆ ಹೊಸದಾಗಿ ಕಾಣಲಿಲ್ಲ. ಆದರೆ ಅಂಥ ಹಾಳೆಗೆ ಸಹಿ ಮಾಡುವವರಿಗೆ ತಾವು ಏನನ್ನು ಬಿಟ್ಟುಕೊಡುತ್ತಿದ್ದೇವೆಂಬುದು ಇಂದಿಗೂ ಗೊತ್ತಿಲ್ಲವಲ್ಲ ಎಂಬ ಬೇಸರದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ‘ಹುಡುಗನೂ ಬಡವ’ ಎಂಬ ಮಾತನ್ನೇ ನೋಡೋಣ. ಮೋಟಾರು ವಾಹನಗಳ ಕಾಯ್ದೆಯ 146ನೇ ಕಲಮಿನಂತೆ ಥರ್ಡ್ ಪಾರ್ಟಿ ವಿಮೆಯಿಲ್ಲದೆ ವಾಹನವನ್ನು ರಸ್ತೆಗಿಳಿಸುವಂತಿಲ್ಲ, ಮತ್ತು ಆ ‘ಮೂರನೆಯವ’ ಎಂದರೆ ದಾರಿಯಲ್ಲಿ ನಡೆದುಹೋಗುವ ನಾವೇ. ವಿಮೆಯಿದ್ದರೆ ಪರಿಹಾರ ಬರುವುದು ವಿಮಾ ಕಂಪನಿಯ ಬೊಕ್ಕಸದಿಂದಲೇ ಹೊರತು ಹುಡುಗನ ಜೇಬಿನಿಂದಲ್ಲ. ಸವಾರನಿಗೆ ಲೈಸೆನ್ಸ್ ಇಲ್ಲದ ಎಷ್ಟೋ ಪ್ರಕರಣಗಳಲ್ಲಿ ಕೂಡ, ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಎಂದು ನ್ಯಾಯಾಲಯಗಳು ಕಂಪನಿಗೆ ಆದೇಶಿಸಿವೆ. ನನ್ನ ಅನುಭವದಲ್ಲಿ ಠಾಣೆಯಲ್ಲಿ ರಾಜಿಗೆ ಹೆಚ್ಚು ಆತುರ ಕಾಣುವುದು ವಿಮೆಯೋ ಲೈಸೆನ್ಸೋ ಇಲ್ಲದ ಕಡೆಯೇ. ಕರುಣೆಯ ಮಾತಿನ ಹಿಂದೆ ಅದೂ ಇರುತ್ತದೆ.

ಇನ್ನು ಆಕೆಗೆ ಸಲ್ಲಬೇಕಾದದ್ದು. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ಮೂಳೆ ಅಥವಾ ಹಲ್ಲು ಮುರಿಯುವುದು ‘ತೀವ್ರ ಗಾಯ’ವೆಂದೇ ಎಣಿಕೆಯಾಗುತ್ತದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮೋಟಾರು ವಾಹನಗಳ ಕಾಯ್ದೆಯ ಹೊಸ 164ನೇ ಕಲಮಿನ ಪ್ರಕಾರ, ತಪ್ಪು ಯಾರದೆಂದು ಸಾಬೀತು ಮಾಡುವ ಗೋಜೇ ಇಲ್ಲದೆ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ ಐದು ಲಕ್ಷ ರೂಪಾಯಿಯನ್ನು ವಾಹನದ ಮಾಲೀಕ ಅಥವಾ ವಿಮಾ ಕಂಪನಿ ಕೊಡಬೇಕು. ಎಂಟು ಸಾವಿರವೆಲ್ಲಿ, ಎರಡೂವರೆ ಲಕ್ಷವೆಲ್ಲಿ! ಆದರೆ ಈ ಮೊತ್ತವನ್ನು ಒಪ್ಪಿ ಪಡೆದರೆ 166ನೇ ಕಲಮಿನ ಪೂರ್ಣ ಪರಿಹಾರದ ಅರ್ಜಿ ಬಿದ್ದುಹೋಗುತ್ತದೆಂಬುದನ್ನು ತಿಳಿದೇ ಆರಿಸಿಕೊಳ್ಳಬೇಕು.

166ನೇ ಕಲಮಿನಲ್ಲಿ ಚಾಲಕನ ನಿರ್ಲಕ್ಷ್ಯವನ್ನು ತೋರಿಸಬೇಕಾಗುತ್ತದೆ. ಆದರೆ ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತವಾಗಿ ಅಲ್ಲ, ಹೀಗಾಗಿರುವ ಸಂಭವವೇ ಹೆಚ್ಚು ಎನ್ನುವಷ್ಟು ಸಾಕು. ಪ್ರತಿಯಾಗಿ ಅಲ್ಲಿ ನಿಜವಾದ ನಷ್ಟದ ಲೆಕ್ಕ ನಡೆಯುತ್ತದೆ. ಸುಪ್ರೀಂ ಕೋರ್ಟು 2010ರ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ತೀರ್ಪಿನಲ್ಲಿ ವಿವರಿಸಿದಂತೆ, ವೈದ್ಯರು ಬರೆದುಕೊಡುವ ಅಂಗವೈಕಲ್ಯದ ಶೇಕಡಾವಾರು ಬೇರೆ, ಅದರಿಂದ ದುಡಿಯುವ ಶಕ್ತಿಗೆ ಆಗುವ ನಷ್ಟ ಬೇರೆ: ಎಡಗೈ ಕಳೆದುಕೊಂಡ ಬಡಗಿಗೋ ಚಾಲಕನಿಗೋ ದುಡಿಮೆ ಪೂರ್ತಿ ಹೋದಂತೆಯೇ, ಅದೇ ಗಾಯವಾದ ಸರ್ಕಾರಿ ಗುಮಾಸ್ತನ ಕೆಲಸ ಉಳಿದೀತು. ಹೂ ಕಟ್ಟುವ ಬೆರಳುಗಳಿಗೂ ಇದೇ ಮಾತು ಸಲ್ಲುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ನಲವತ್ತೆರಡು ವರ್ಷದ, ತಿಂಗಳಿಗೆ ಹನ್ನೆರಡು ಸಾವಿರ ದುಡಿಯುವ ವ್ಯಕ್ತಿಯ ಗಳಿಕೆಯ ಶಕ್ತಿ ಶೇ 20ರಷ್ಟು ಶಾಶ್ವತವಾಗಿ ಕುಂದಿದೆ ಎಂದಾದರೆ, 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಲ್ಲಿ ಆ ವಯಸ್ಸಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕೆಂಬ ಸಂಖ್ಯೆ, 14. ವರ್ಷದ ಆದಾಯ 1,44,000ವನ್ನು 14ರಿಂದ ಗುಣಿಸಿ ಅದರ ಐದನೇ ಒಂದು ಭಾಗ ತೆಗೆದರೆ 4,03,200 ರೂಪಾಯಿ. ಆಸ್ಪತ್ರೆ ಖರ್ಚು, ನೋವಿನ ಬಾಬ್ತು, ಕೆಲಸ ನಿಂತ ತಿಂಗಳುಗಳ ನಷ್ಟ ಮತ್ತು ಬಡ್ಡಿ ಇದಕ್ಕೆ ಸೇರಬೇಕು. ಬೀದಿ ವ್ಯಾಪಾರಿಯ ಬಳಿ ಸಂಬಳದ ಚೀಟಿ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಅಂಥವರಿಗಾಗಿಯೇ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವು ವರ್ಷವಾರು ಅಂದಾಜು ಆದಾಯದ ಪಟ್ಟಿ ಮಾಡಿದೆ, ನಮ್ಮ ಹೈಕೋರ್ಟೂ ಅದನ್ನು ಆಧರಿಸಿ ಪರಿಹಾರ ನಿಗದಿ ಮಾಡಿದೆ.

ಅಪಘಾತವಾದ ಊರಲ್ಲೇ ಅರ್ಜಿ ಹಾಕಬೇಕೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಬಂದು ಗಾಯಗೊಂಡು ರಾಯಚೂರಿನ ತನ್ನ ಮನೆಗೆ ಮರಳಿದವನು ಅಲ್ಲಿಯ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಸಲ್ಲಿಸಬಹುದು. ರಸ್ತೆ ದಾಟಿದವರದೇ ತಪ್ಪು ಎಂಬ ವಿಮಾ ಕಂಪನಿಯ ವಾದಕ್ಕೂ ಹೆದರಬೇಕಾಗಿಲ್ಲ. ಪಾದಚಾರಿಯ ತಪ್ಪಿನ ಪಾಲಿದ್ದರೆ ಅಷ್ಟು ಪಾಲು ಕಡಿತವಾಗಬಹುದೇ ಹೊರತು ಅರ್ಜಿಯೇ ವಜಾ ಆಗಬೇಕೆಂದೇನಿಲ್ಲ. ಮೈಲಿಗೊಂದು ಜೀಬ್ರಾ ಪಟ್ಟೆಯೂ ಇಲ್ಲದ ಊರುಗಳಲ್ಲಿ ‘ಪಟ್ಟೆ ಬಿಟ್ಟು ದಾಟಿದರು’ ಎಂಬ ವಾದವನ್ನು ಗಂಭೀರವಾಗಿ ಮಂಡಿಸುವುದನ್ನು ಕೇಳುವಾಗ ನಾನು ಕಡತದಲ್ಲಿ ಮುಖ ಮರೆಸಿಕೊಂಡದ್ದುಂಟು.

ಹೆದರಬೇಕಾದದ್ದು ಕಾಲಕ್ಕೆ. 1994ರ ತಿದ್ದುಪಡಿಯ ನಂತರ ಈ ಅರ್ಜಿಗಳಿಗೆ ಕಾಲಮಿತಿಯೇ ಇರಲಿಲ್ಲ. ಈಗ ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕು. ಈ ಮಿತಿಯ ಸಿಂಧುತ್ವ ಸುಪ್ರೀಂ ಕೋರ್ಟಿನ ಮುಂದಿದ್ದು, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಗಿದೆ. ಮಧ್ಯಂತರ ಆದೇಶವನ್ನು ನೆಚ್ಚಿ ಕೈಕಟ್ಟಿ ಕೂರುವುದು ಜಾಣತನವಲ್ಲ.

ಗುದ್ದಿದ ವಾಹನ ಪತ್ತೆಯೇ ಆಗದಿದ್ದರೂ ದಾರಿ ಇದೆ. 2022ರ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ನಿಗದಿಯಾಗಿದೆ. ದೊಡ್ಡ ಮೊತ್ತವೇನಲ್ಲ, ಆದರೂ ಕೇಳುವವರಿಲ್ಲ: 2022ರಲ್ಲಿ ದೇಶದಲ್ಲಿ ಇಂಥ 67,387 ಅಪಘಾತಗಳಾಗಿದ್ದರೆ, 2022–23ರಲ್ಲಿ ಬಂದ ಅರ್ಜಿಗಳು ಕೇವಲ 205. ಅದನ್ನು ಕಂಡೇ ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ, ಒಂದು ತಿಂಗಳೊಳಗೆ ವಾಹನದ ವಿವರ ಸಿಗದಿದ್ದರೆ ಠಾಣಾಧಿಕಾರಿಯೇ ಗಾಯಾಳುವಿಗೆ ಈ ಯೋಜನೆಯ ಬಗ್ಗೆ ಲಿಖಿತವಾಗಿ ತಿಳಿಸಬೇಕೆಂದು ಆದೇಶಿಸಿತು.

ನನ್ನ ತಕರಾರು ಇರುವುದು ಇಲ್ಲಿಯೇ. ಕೇಂದ್ರದ 2022ರ ನಿಯಮಗಳಂತೆ ತನಿಖಾಧಿಕಾರಿ 48 ಗಂಟೆಗಳಲ್ಲಿ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಕಳುಹಿಸಬೇಕು, ಹತ್ತು ದಿನಗಳೊಳಗೆ ಗಾಯಾಳುವಿನ ಹಕ್ಕುಗಳನ್ನು ವಿವರಿಸುವ ನಮೂನೆ 2ನ್ನು ಅವರ ಕೈಗೆ ಕೊಡಬೇಕು, 90 ದಿನಗಳೊಳಗೆ ವಿಸ್ತೃತ ವರದಿ ಸಲ್ಲಿಸಬೇಕು. ಪೊಲೀಸರ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಎಂದರೆ ಈ ಸರಪಳಿ ಸರಿಯಾಗಿ ನಡೆದರೆ ಗಾಯಾಳು ವಕೀಲರ ಮನೆ ಹುಡುಕುವ ಮೊದಲೇ ಆತನ ಪ್ರಕರಣ ನ್ಯಾಯಾಧೀಶರ ಮೇಜಿನ ಮೇಲಿರುತ್ತದೆ. ಎಫ್‌ಐಆರ್ ದಾಖಲಾಗದ ರಾಜಿಯು ಈ ಸರಪಳಿಯ ಮೊದಲ ಕೊಂಡಿಯನ್ನೇ ಕಳಚಿಹಾಕುತ್ತದೆ. ನಮೂನೆ 2 ಕೈಗೆ ಬಂದ ಒಬ್ಬ ಗಾಯಾಳುವನ್ನೂ ನಾನು ನಮ್ಮ ಕಡೆ ಕಂಡಿಲ್ಲ. ಗೃಹ ಇಲಾಖೆಯು ಇದನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಠಾಣೆಗೆ ಕಳುಹಿಸಲಿ, ಸರ್ಕಾರಿ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗದ ಗೋಡೆಗೂ ಅಂಟಿಸಲಿ. ಏಳು ದಿನಗಳವರೆಗೆ, ಒಂದೂವರೆ ಲಕ್ಷದವರೆಗಿನ ನಗದುರಹಿತ ಚಿಕಿತ್ಸೆಯ 2025ರ ಯೋಜನೆಯ ವಿವರವೂ ಅದರ ಪಕ್ಕದಲ್ಲಿರಲಿ.

ನಮ್ಮ ಬೀದಿಯ ಆ ತಾಯಿಯ ಪ್ರಕರಣದಲ್ಲಿ, ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರಿನಲ್ಲಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಬರೆದಿಡುವ ಪುಸ್ತಕದಲ್ಲಿ, ‘ಬೈಕ್ ಡಿಕ್ಕಿ’ ಎಂದು ಅಂದೇ ಬರೆದಿದ್ದುದು ಕೈಹಿಡಿಯಿತು. ತಡವಾಗಿಯಾದರೂ ದೂರು ದಾಖಲಾಗಿದೆ. ವಿಳಂಬಕ್ಕೆ ಸರಿಯಾದ ಕಾರಣವಿದ್ದರೆ ಅದೊಂದರಿಂದಲೇ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟು ಹಿಂದೆಯೇ ಹೇಳಿದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರಾದ್ದರಿಂದ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಮಗನೇ ಕರೆ ಮಾಡಿದ. ಆರು ತಿಂಗಳು ತುಂಬಲು ಹನ್ನೊಂದು ದಿನವಿರುವಾಗ ಅರ್ಜಿ ಸಲ್ಲಿಕೆಯಾಯಿತು. ಎಂಟು ಸಾವಿರ ಪಡೆದ ಸಂಗತಿಯನ್ನೂ ಅದರಲ್ಲಿ ಮುಚ್ಚಿಡದೆ ಬರೆಸಿದ್ದೇವೆ.

ಇಂತಿ,
ನಿವೃತ್ತ ಶಿರಸ್ತೇದಾರರು, ತುಮಕೂರು