ಬಲ್ಬಿನ ಡಬ್ಬದ ಮೇಲೆ ನಾಲ್ಕು ಸಾಲು ಬರೆಯಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪುರವಣಿಯಲ್ಲಿ ಸ್ಮಾರ್ಟ್ ಮನೆಯ ಬಗ್ಗೆ ಬರಹ ಬಂದಿತ್ತು. ಕೂತಲ್ಲೇ ಫೋನ್ ಒತ್ತಿದರೆ ದೀಪ ಹತ್ತುತ್ತದೆ, ಬಣ್ಣ ಬದಲಾಗುತ್ತದೆ ಅಂತ ಚೆನ್ನಾಗಿ ಬರೆದಿದ್ದರು. ಹತ್ತದೇ ಹೋದಾಗ ಯಾರಿಗೆ ಫೋನ್ ಬರುತ್ತದೆ ಅಂತ ಬರೆದಿರಲಿಲ್ಲ. ನನಗೆ ಬರುತ್ತದೆ. ನಾನು ಮೈಸೂರಿನಲ್ಲಿ 31 ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿರುವವನು.

ಕುವೆಂಪುನಗರದಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಮನೆಯಿದೆ. 1998ರಲ್ಲಿ ಅದಕ್ಕೆ ವೈರಿಂಗ್ ಮಾಡಿದ್ದು ನಾನೇ. ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾರೆ. ಅಪ್ಪ ಅಮ್ಮ ರಾತ್ರಿ ಎದ್ದು ಸ್ವಿಚ್ಚು ತಡಕಾಡಬಾರದು ಅಂತ ಅವರ ಆಸೆ. ಒಳ್ಳೇ ಆಸೆಯೇ. ಮೂರು ಸಲ ಬಂದರು, ಮೂರು ಸಲವೂ ಬೇರೆ ಜಾತಿಯ ಬಲ್ಬು ಹಾಕಿಸಿದರು. ಹಾಲ್‌ನಿಂದ ಹಿತ್ತಲ ಬಾಗಿಲವರೆಗೆ ಐದು ಜಿಗ್‌ಬೀ ಬಲ್ಬು, ಅಂದರೆ ವೈಫೈ ಅಲ್ಲದ ಬೇರೊಂದು ರೇಡಿಯೋದಲ್ಲಿ ಮಾತಾಡುವಂಥವು; ಅವನ್ನು ರೂಟರಿಗೆ ಸೇರಿಸಲು ಬ್ರಿಡ್ಜ್ ಅನ್ನೋ ಒಂದು ಡಬ್ಬಿ. ಮಲಗುವ ಕೋಣೆಗಳಿಗೆ ನಾಲ್ಕು ವೈಫೈ ಬಲ್ಬು. ಟಿವಿ ಹಿಂದೆ ಬ್ಲೂಟೂತ್ ಪಟ್ಟಿ ದೀಪ. ಮೂರಕ್ಕೂ ಮೂರು ಆ್ಯಪ್. ಅಮ್ಮಾವ್ರು ಮಾತ್ರ, "ದೇವರ ಮನೆ ಬಲ್ಬು ಮುಟ್ಟಬೇಡಪ್ಪಾ" ಅಂದುಬಿಟ್ಟರು. ಅದು 9 ವ್ಯಾಟಿನ ಮಾಮೂಲಿ ಎಲ್‌ಇಡಿ. ಅದರ ಮೇಲೆ ಇವತ್ತಿನವರೆಗೂ ಒಂದು ದೂರು ಬಂದಿಲ್ಲ.

ಮೊದಲ ದೂರು ಹಿತ್ತಲ ಬಾಗಿಲ ದೀಪದ್ದು. ಸಂಜೆ ಆದರೆ ಹತ್ತೋದೇ ಇಲ್ಲ. ಟೆಸ್ಟರ್ ಇಟ್ಟು ನೋಡಿದೆ, ಹೋಲ್ಡರಿಗೆ ಕರೆಂಟು ಬರುತ್ತಿದೆ. ಬಲ್ಬೂ ಸರಿಯಿದೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಜಿಗ್‌ಬೀ ಬಲ್ಬುಗಳು ಬ್ರಿಡ್ಜಿನ ಮಾತನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ, ಮನೆ ಕಟ್ಟುವಾಗ ಸಾಲಾಗಿ ನಿಂತು ಮಂಕರಿ ಕೈ ಬದಲಾಯಿಸುತ್ತೇವಲ್ಲ, ಹಾಗೆ. ಮೇಷ್ಟ್ರು ಜೀವಮಾನವೆಲ್ಲ ಮಕ್ಕಳಿಗೆ ಕರೆಂಟು ಉಳಿಸಿ ಅಂತ ಪಾಠ ಹೇಳಿದವರು. ನಡುಮನೆಯಿಂದ ಎದ್ದು ಬರುವಾಗ ಗೋಡೆಯ ಸ್ವಿಚ್ಚು ಟಪ್ ಅಂತ ಆರಿಸಿ ಬರುತ್ತಾರೆ. ಅಲ್ಲಿಗೆ ಸಾಲಿನ ಮಧ್ಯದ ಆಳು ಮನೆಗೆ ಹೋದ ಹಾಗಾಯಿತು. ಮಂಕರಿ ಹಿತ್ತಲಿಗೆ ತಲುಪಲಿಲ್ಲ. ಸ್ಮಾರ್ಟ್ ಬಲ್ಬಿನ ಸ್ವಿಚ್ಚು ಯಾವಾಗಲೂ ಆನ್ ಇರಬೇಕು ಅಂತ ಅವರಿಗೆ ಯಾರು ಹೇಳಿದ್ದರು? ಡಬ್ಬದ ಮೇಲಂತೂ ಇರಲಿಲ್ಲ.

ಆಮೇಲೆ ಇಂಟರ್ನೆಟ್ಟಿನವರು ಬಂದು ರೂಟರ್ ಬದಲಾಯಿಸಿ ಹೋದರು. ಪಾಸ್‌ವರ್ಡೂ ಹೊಸದು. ಹಾಲ್‌ನ ಬಲ್ಬುಗಳಿಗೆ ಏನೂ ಆಗಲಿಲ್ಲ, ಬ್ರಿಡ್ಜಿನ ಕೇಬಲ್ಲನ್ನು ಹೊಸ ರೂಟರಿಗೆ ಚುಚ್ಚಿದ್ದಷ್ಟೇ ಕೆಲಸ. ಕೋಣೆಯ ನಾಲ್ಕು ವೈಫೈ ಬಲ್ಬುಗಳು ಮಾತ್ರ ಸಂಬಂಧ ಕಡಿದುಕೊಂಡವು. ಒಂದೊಂದನ್ನೂ ಹಲವು ಸಲ ಆನ್ ಆಫ್ ಮಾಡಿ, ಮಿನುಗಿಸಿ, ಮತ್ತೆ ಸೇರಿಸಬೇಕು. ಅವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ಹೊಸ ರೂಟರು 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿಟ್ಟುಕೊಂಡು ಕೂತಿತ್ತು. ಅದನ್ನು ಬಿಡಿಸಿ ಆ್ಯಪ್ ತೆರೆದರೆ ಖಾತೆ ಮಗನ ಹೆಸರಿನಲ್ಲಿದೆ, ಒಟಿಪಿ ಹೋಗಿದ್ದು ಡಲ್ಲಾಸ್‌ಗೆ. ಅವರು ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದರು. ಮೈಸೂರಿನ ಕೋಣೆಯಲ್ಲಿ ನಾನು ಏಣಿ ಮೇಲೆ, ಮೇಷ್ಟ್ರು ಕೆಳಗೆ ಫೋನ್ ಹಿಡಿದುಕೊಂಡು, ಮುಕ್ಕಾಲು ಗಂಟೆ ಕಾದೆವು.

ಒಂದು ರಾತ್ರಿ ಕರೆಂಟು ಹೋಗಿ ಎರಡು ಗಂಟೆಗೆ ಬಂತಂತೆ. ಮನೆಯ ಅಷ್ಟೂ ಸ್ಮಾರ್ಟ್ ಬಲ್ಬು ಒಟ್ಟಿಗೇ ಪೂರ್ತಿ ಬೆಳಗಿದವು. ಅಮ್ಮಾವ್ರು ಕಳ್ಳ ಬಂದ ಅಂದುಕೊಂಡರು. ಕರೆಂಟು ಬಂದಾಗ ಮೊದಲಿದ್ದ ಹಾಗೇ ಇರು ಅನ್ನೋ ಸೆಟ್ಟಿಂಗು ಎರಡು ಆ್ಯಪ್‌ನಲ್ಲಿ ಒಳಗೆಲ್ಲೋ ಅಡಗಿತ್ತು. ಮೂರನೇದರಲ್ಲಿ ಇಲ್ಲವೇ ಇಲ್ಲ. ನಮ್ಮ ಅರಮನೆಯಲ್ಲಿ ಭಾನುವಾರ ಸಂಜೆ ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹತ್ತುತ್ತವೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಬೇಡ ಅಂದಾಗ ಹತ್ತಿದ ಹತ್ತು ದೀಪಕ್ಕೆ ಬೈಗುಳ ತಿಂದವನು ನಾನು.

ಮಗ ಅಮೆರಿಕದಿಂದ ತಂದ ಒಂದು ಪೊಟ್ಟಣವನ್ನಂತೂ ನಾನು ಬಿಚ್ಚಲೇ ಇಲ್ಲ. ಬಲ್ಬಿನ ಮೇಲೆ 120 ವೋಲ್ಟ್ ಅಂತಿತ್ತು, ನಮ್ಮದು 230. ಜೊತೆಗೆ ಒಂದು ಜೀವೇವ್ ಸ್ವಿಚ್ಚು, ಅದು ಇನ್ನೊಂದು ಬಗೆಯ ರೇಡಿಯೋ. ಅಮೆರಿಕದ ಜೀವೇವ್ 908 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ, ಭಾರತದ್ದು 865ರಲ್ಲಿ. ಹೆಸರು ಒಂದೇ, ಸ್ಟೇಷನ್ ಬೇರೆ. ಅದೂ ಅಲ್ಲದೆ ಹಳೇ ಮನೆಗಳ ಸ್ವಿಚ್ ಬೋರ್ಡಿಗೆ ನಾವು ಕರೆಂಟು ತರುವ ಫೇಸ್ ತಂತಿ ಮಾತ್ರ ಇಳಿಸಿರುತ್ತೇವೆ, ಅದು ವಾಪಸ್ ಹೋಗುವ ನ್ಯೂಟ್ರಲ್ ತಂತಿ ಮೇಲಿಂದ ಮೇಲೇ ದೀಪಕ್ಕೆ ಹೋಗಿರುತ್ತದೆ. ಇಂಥ ಸ್ವಿಚ್ಚುಗಳಲ್ಲಿ ಜಾಸ್ತಿ ಪಾಲು ನ್ಯೂಟ್ರಲ್ ಕೇಳುತ್ತವೆ. ಗೋಡೆ ಕೊರೆಯಬೇಕು. ಮೇಷ್ಟ್ರು ಆಗಷ್ಟೇ ಪೇಂಟ್ ಮಾಡಿಸಿದ್ದರು.

ಈಗ ಮ್ಯಾಟರ್ ಬಂದಿದೆಯಲ್ಲ, ಇನ್ನೇನು ತೊಂದರೆ ಅಂತ ಅಂಗಡಿಯವರು ಕೇಳುತ್ತಾರೆ. ಆ್ಯಪಲ್, ಗೂಗಲ್, ಅಮೆಜಾನ್ ಮತ್ತು ಜಿಗ್‌ಬೀಯವರು ಸೇರಿ, ಎಲ್ಲ ಕಂಪನಿಯ ಸ್ಮಾರ್ಟ್ ಸಾಮಾನೂ ಒಂದೇ ಭಾಷೆ ಮಾತಾಡಲಿ ಅಂತ 2019ರಲ್ಲಿ ಶುರು ಮಾಡಿದ ಕೆಲಸ ಅದು. ಮೊದಲ ಆವೃತ್ತಿ 2022ರ ಅಕ್ಟೋಬರ್‌ನಲ್ಲಿ ಬಂತು. ನಾನು ಅದನ್ನು ಮೆಚ್ಚುತ್ತೇನೆ. ಇಂಟರ್ನೆಟ್ ಹೋದರೂ ಮನೆಯೊಳಗಿನ ಮಾತು ಮನೆಯೊಳಗೇ ನಡೆಯುತ್ತದೆ, ಒಂದೇ ಬಲ್ಬನ್ನು ಬೇರೆ ಬೇರೆ ಕಂಪನಿಯ ಆ್ಯಪ್‌ಗಳಿಗೆ ಸೇರಿಸಬಹುದು. ಆದರೆ ಮ್ಯಾಟರ್ ಅನ್ನೋದು ರೇಡಿಯೋ ಅಲ್ಲ. ಬಲ್ಬಿನ ಮಟ್ಟಿಗೆ ಅದು ಹೋಗಬೇಕಾದ್ದು ವೈಫೈ ಮೇಲೆ, ಇಲ್ಲವೇ ಥ್ರೆಡ್ ಅನ್ನೋ ಇನ್ನೊಂದು ಜಾಲದ ಮೇಲೆ. ಥ್ರೆಡ್ ಬಲ್ಬಾದರೆ ಮನೆಯಲ್ಲಿ ಅದನ್ನು ವೈಫೈಗೆ ಜೋಡಿಸುವ ಬಾರ್ಡರ್ ರೂಟರ್ ಇರಬೇಕು. ಜಿಗ್‌ಬೀ, ಥ್ರೆಡ್ ಎರಡರ ರೇಡಿಯೋ ಒಂದೇ ಬಗೆಯದು, ಆದರೂ ನೇರವಾಗಿ ಮಾತಿಲ್ಲ. ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೂತ ಇಬ್ಬರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಹಳೇ ಜಿಗ್‌ಬೀ ಬಲ್ಬು ಮ್ಯಾಟರ್ ಮನೆಗೆ ಬರಬೇಕಾದರೆ ಬ್ರಿಡ್ಜಿನ ಮೂಲಕವೇ ಬರಬೇಕು, ಆ ಬ್ರಿಡ್ಜಿಗೆ ಕಂಪನಿ ಅಪ್‌ಡೇಟ್ ಕೊಟ್ಟಿರಬೇಕು.

ಒಂದೇ ಭಾಷೆಯಾದರೂ ನೆಮ್ಮದಿ ಅಂತ ಹೇಳೋ ಹಾಗಿಲ್ಲ. 2015ರ ಡಿಸೆಂಬರ್‌ನಲ್ಲಿ ಫಿಲಿಪ್ಸ್ ಹ್ಯೂ ಅನ್ನೋ ಸ್ಮಾರ್ಟ್ ದೀಪಗಳ ಬ್ರಿಡ್ಜಿಗೆ ಬಂದ ಒಂದು ಅಪ್‌ಡೇಟ್, ಬೇರೆ ಕಂಪನಿಗಳ ಬಲ್ಬನ್ನು ಹೊಸದಾಗಿ ಸೇರಿಸದಂತೆ ಬಾಗಿಲು ಹಾಕಿತು. ಅವೂ ಜಿಗ್‌ಬೀ ಬಲ್ಬುಗಳೇ. ಗಿರಾಕಿಗಳು ಗಲಾಟೆ ಮಾಡಿದರು, ಕೆಲವೇ ದಿನದಲ್ಲಿ ಕಂಪನಿ ತೀರ್ಮಾನ ವಾಪಸ್ ತೆಗೆದುಕೊಂಡಿತು. ಗಲಾಟೆ ಮಾಡಲು ಅವರಿಗೆ ಏನಾಗಿದೆ ಅಂತ ಗೊತ್ತಿತ್ತು. ನಮ್ಮ ಮೇಷ್ಟ್ರಿಗೆ ಗೊತ್ತಾಗೋದು ಹೇಗೆ?

ನಾನು ಕೇಳುವುದು ಜಾಸ್ತಿಯೇನಲ್ಲ. ಎಲ್‌ಇಡಿ ಬಲ್ಬಿನ ಡಬ್ಬದ ಮೇಲೆ ಸ್ಟಾರ್ ಗುರುತು ಬಂದ ಮೇಲೆ ಜನ ಅದನ್ನು ನೋಡಿ ಕೊಳ್ಳಲು ಕಲಿತರು. ಹಾಗೆಯೇ ಸ್ಮಾರ್ಟ್ ಬಲ್ಬಿನ ಡಬ್ಬದ ಮೇಲೆ ನಾಲ್ಕು ಸಾಲು ಬರೆಯಲಿ. ಯಾವ ರೇಡಿಯೋ, ಬ್ರಿಡ್ಜ್ ಬೇಕೋ ಬೇಡವೋ, ಇಂಟರ್ನೆಟ್ ಇಲ್ಲದಿದ್ದರೆ ಏನು ಕೆಲಸ ಮಾಡುತ್ತದೆ, ಕರೆಂಟು ಹೋಗಿ ಬಂದರೆ ಏನು ಮಾಡುತ್ತದೆ. ಕಣ್ಣಿಗೆ ಕಾಣುವ ಅಕ್ಷರದಲ್ಲಿ, ಕನ್ನಡದಲ್ಲೂ. ಈಗ ಇರೋದು "ಎಲ್ಲದರ ಜೊತೆ ಸೇರುತ್ತದೆ" ಅನ್ನೋ ಒಂದು ಮಾತು, ಅದರ ಪಕ್ಕ ಸಣ್ಣ ನಕ್ಷತ್ರ. ಆ ನಕ್ಷತ್ರದ ಅರ್ಥ ಹುಡುಕಲು ನನ್ನ ಕನ್ನಡಕ ಸಾಲದು.

ಮೇಷ್ಟ್ರ ಮನೆಯಲ್ಲಿ ಸದ್ಯಕ್ಕೆ ಹೀಗೆ ಮಾಡಿದ್ದೇನೆ. ಹಾಲ್‌ನ ಸ್ವಿಚ್ಚುಗಳನ್ನು ಆನ್ ಮಾಡಿ, ಮೇಲೆ ಟೇಪ್ ಸುತ್ತಿ, ಪಕ್ಕದಲ್ಲಿ ಅದೇ ಬ್ರಿಡ್ಜಿಗೆ ಸೇರುವ ಬ್ಯಾಟರಿ ಗುಂಡಿ ಅಂಟಿಸಿದ್ದೇನೆ. ಅವರು ಟಪ್ ಅಂತ ಒತ್ತುತ್ತಾರೆ, ಅವರಿಗೆ ಸಮಾಧಾನ. ಬಲ್ಬಿಗೆ ಕರೆಂಟು ಇದ್ದೇ ಇರುತ್ತದೆ. ಖಾತೆಗಳನ್ನು ಮೇಷ್ಟ್ರ ನಂಬರಿಗೆ ಬದಲಾಯಿಸಿಕೊಂಡಿದ್ದೇವೆ.

ಡಿಸೆಂಬರ್‌ನಲ್ಲಿ ಮಗ ಮತ್ತೆ ಬರುತ್ತಾರಂತೆ. ಈ ಸಲ ಬಲ್ಬನ್ನು ಬೆಂಗಳೂರಿನಲ್ಲೇ ಕೊಳ್ಳುತ್ತಾರಂತೆ. ಕೊಳ್ಳುವ ಮೊದಲು ಡಬ್ಬದ ಫೋಟೋ ಕಳಿಸಿ ಸಾರ್ ಅಂತ ಕೇಳಿಕೊಂಡಿದ್ದೆ. ಗೆಳೆಯರೊಬ್ಬರಿಂದ ತೆಗೆಸಿ ನಿನ್ನೆ ಕಳಿಸಿದರು. ಆರೂ ಬದಿ ದೊಡ್ಡದು ಮಾಡಿ ನೋಡಿದೆ. ಬ್ರಿಡ್ಜ್ ಬೇಕೋ ಬೇಡವೋ ಅಂತ ಎಲ್ಲೂ ಇಲ್ಲ.

— ಒಬ್ಬ ವೈರ್‌ಮನ್, ಮೈಸೂರು