ಚುಚ್ಚಿಸುವ ಮುನ್ನ ಎರಡು ಮಾತು

ಮಾದಾಪುರ
ಹುತ್ತರಿ ಕಳೆದ ನಾಲ್ಕನೆಯ ದಿನ

ಚಿರಂಜೀವಿ ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಮಡಿಕೇರಿಗೆ ಹೊರಟ ಮೇಲೆ ಎರಡು ದಿನ ಯೋಚಿಸಿ ಈ ಕಾಗದ ಬರೆಯಲು ಕುಳಿತಿದ್ದೇನೆ. ಮೊಬೈಲ್‌ನಲ್ಲೇ ಬರೆದು ಕಳುಹಿಸಬಹುದಿತ್ತು. ಆದರೆ ನಿನ್ನ ಮೊಬೈಲ್ ಕಚೇರಿಯ ಮೇಜಿನ ಮೇಲೆ ಬಿದ್ದಿರುತ್ತದೆ, ಊರಿಗೆ ಬಂದರೆ ಮಕ್ಕಳ ಕೈ ಸೇರುತ್ತದೆ. ಕಾಗದವಾದರೆ ನಿನ್ನೊಬ್ಬನದು. ಓದಿ ಇಟ್ಟುಕೊಳ್ಳುವುದೋ ಒಲೆಗೆ ಹಾಕುವುದೋ ನಿನ್ನಿಷ್ಟ.

ಹುತ್ತರಿಯ ರಾತ್ರಿ ಕದಿರು ತೆಗೆದು ಬಂದು ಎಲ್ಲರೂ ಅಂಗಳದಲ್ಲಿ ಪಟಾಕಿ ಹಚ್ಚುತ್ತಿದ್ದಾಗ ನೀನು ನನ್ನ ಜೊತೆ ಪಾತ್ರೆ ತೊಳೆಯುತ್ತಾ ಕೇಳಿದೆ, "ದೊಡ್ಡಮ್ಮಾ, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕಿವಿ ಚುಚ್ಚಿಸಿದರೆ ಒಣಗುತ್ತದೆಯೇ?" ನಾನು ಉತ್ತರ ಕೊಡದೆ ನಿನ್ನ ಕಿವಿಯನ್ನೇ ನೋಡಿದೆ. ಎರಡು ಹಾಲೆಗಳ ಮೇಲೂ ಅಕ್ಕಿಕಾಳಿನಷ್ಟು ಕೆಂಪು ಗುರುತು. ಕ್ಲಿಪ್ ಓಲೆ ಗಂಟೆಗಟ್ಟಲೆ ಹಿಡಿದು ಒತ್ತಿದ ಗುರುತು. ನಾನು ನೋಡಿದ್ದು ನಿನಗೂ ಗೊತ್ತಾಯಿತು. ಆಮೇಲೆ ತಲೆ ಎತ್ತದೆ, ಬೂದಿ ಹಚ್ಚಿದ ಚೊಂಬನ್ನು ಮತ್ತೆ ಮತ್ತೆ ತಿಕ್ಕುತ್ತಾ, ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡು ಸೀರೆ ಉಡುವ ವಿಷಯವನ್ನು ಹೇಳಿದೆ. ಗಂಡಸಾಗಿಯೇ ಇರುತ್ತೇನೆ, ಆದರೆ ಆ ಎರಡು ಗಂಟೆ ಮನಸ್ಸು ಹಗುರಾಗುತ್ತದೆ ಎಂದೆ. ಕ್ರಾಸ್‌ಡ್ರೆಸರ್ ಎಂಬ ಪದವನ್ನೂ ನೀನೇ ಹೇಳಿದೆ. ನನಗೆ ಆ ಪದ ಹೊಸದು, ಸಂಗತಿ ಹೊಸದಲ್ಲ. ನನ್ನ ತಂಗಿಯ ಮಗ ಇಷ್ಟು ವರ್ಷ ಇದನ್ನು ಒಬ್ಬನೇ ಹೊತ್ತಿದ್ದನಲ್ಲ ಎಂಬುದೊಂದೇ ನನಗೆ ನೋವು.

ಒಣಗುತ್ತದೆ ಮಗು. ಮೂರು ತಿಂಗಳ ಕೂಸಿಗೂ ಒಣಗುತ್ತದೆ, ಅರವತ್ತು ದಾಟಿದವರಿಗೂ ಒಣಗುತ್ತದೆ. ಒಣಗುವ ತನಕ ಕಾಯುವ ತಾಳ್ಮೆ ಬೇಕು, ಅಷ್ಟೇ. ಗುಟ್ಟಾಗಿ ಇಟ್ಟುಕೊಳ್ಳುವುದೂ ಆ ತಾಳ್ಮೆಯ ಮೇಲೆಯೇ ನಿಂತಿದೆ. ಅವಸರ ಮಾಡಿದ ಕಿವಿ ಕೆಂಪಾಗುತ್ತದೆ, ಊದುತ್ತದೆ, ಕೀವು ಸುರಿಸುತ್ತದೆ. ಊದಿದ ಕಿವಿಯನ್ನು ಯಾರ ಕಣ್ಣಿನಿಂದಲೂ ಮರೆಮಾಡಲಾಗದು. ಚೆನ್ನಾಗಿ ಒಣಗಿದ ತೂತು ಎಳ್ಳುಕಾಳಿನಷ್ಟು ಚುಕ್ಕೆ, ಹುಡುಕಿದರೂ ಕಾಣುವುದಿಲ್ಲ.

ನಾನು ಮೂವತ್ತು ವರ್ಷ ನರ್ಸ್ ಆಗಿ ದುಡಿದವಳು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಬ್ಬ ಹುಡುಗ ಬಂದಿದ್ದ, ನಿನ್ನಷ್ಟೇ ವಯಸ್ಸು. ಪಿನ್ನನ್ನು ದೀಪದ ಮೇಲೆ ಕಾಯಿಸಿ ತಾನೇ ಚುಚ್ಚಿಕೊಂಡಿದ್ದ. ಹಾಲೆ ಬದನೆಕಾಯಿಯ ಬಣ್ಣಕ್ಕೆ ತಿರುಗಿ, ಓಲೆಯ ತಿರುಪು ಮಾಂಸದೊಳಗೆ ಹೂತುಹೋಗಿತ್ತು. ಕತ್ತರಿಸಿ ತೆಗೆಯುವಾಗ ಅಲ್ಲಿದ್ದವರು ಅವನ ಎದುರಿಗೇ ನಕ್ಕರು. ನಾನು ನಗಲಿಲ್ಲ, ಆದರೆ ನಗಬೇಡಿ ಎಂದೂ ಹೇಳಲಿಲ್ಲ. ಮರುದಿನ ಡ್ರೆಸಿಂಗ್‌ಗೆ ಬಾ ಎಂದಿದ್ದೆವು. ಅವನು ಬರಲಿಲ್ಲ. ಆ ಕಿವಿ ಏನಾಯಿತೋ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಪಿನ್ನು, ಸೂಜಿ, ಗೆಳೆಯನ ಕೈ, ಇವು ಯಾವುವೂ ನಿನಗೆ ಬೇಡ. ಮಾತು ಕೊಡು.

ಚಿನ್ನದ ಅಂಗಡಿಯ ಗನ್ ಕೂಡ ಬೇಡ. ಅದು ಮೊಂಡು ತುದಿಯ ಓಲೆಯನ್ನು ಸ್ಪ್ರಿಂಗಿನ ಬಲದಿಂದ ಮಾಂಸದೊಳಗೆ ತುರುಕುತ್ತದೆ. ಅಕ್ಕಪಕ್ಕದ ಮಾಂಸ ಜಜ್ಜಿಹೋಗುತ್ತದೆ. ಪ್ಲಾಸ್ಟಿಕ್ ಭಾಗಗಳಿರುವ ಗನ್ನನ್ನು ಹಬೆಯಲ್ಲಿ ಕಾಯಿಸಿ ಶುದ್ಧ ಮಾಡಲು ಬರುವುದಿಲ್ಲ, ಸ್ಪಿರಿಟ್‌ನಲ್ಲಿ ಒರೆಸುತ್ತಾರೆ. ಅಷ್ಟು ಸಾಲದು. ಮೇಲಿನ ಗಟ್ಟಿ ಮೃದ್ವಸ್ಥಿಗಂತೂ ಗನ್ ಸೋಕಲೇಬಾರದು. ಟೊಳ್ಳು ಸೂಜಿಯಲ್ಲಿ ಚುಚ್ಚುವ ಚರ್ಮದ ವೈದ್ಯರ ಹತ್ತಿರವೋ ಕಿವಿ ಮೂಗು ಗಂಟಲಿನ ವೈದ್ಯರ ಹತ್ತಿರವೋ ಹೋಗು. ಸೂಜಿಯ ಪೊಟ್ಟಣವನ್ನು ನಿನ್ನ ಕಣ್ಣೆದುರು ಒಡೆಯಬೇಕು, ಕೈಗವಸು ಹೊಸದಾಗಿರಬೇಕು. ಇಷ್ಟನ್ನು ಕೇಳಲು ಸಂಕೋಚಪಡಬೇಡ. ಧನುರ್ವಾಯುವಿನ ಇಂಜೆಕ್ಷನ್ ತೆಗೆದುಕೊಂಡು ಹತ್ತು ವರ್ಷವಾಗಿದ್ದರೆ ಅದನ್ನೂ ಹಾಕಿಸಿಕೋ.

ಮಡಿಕೇರಿಯಲ್ಲಿ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿ ನಿನ್ನ ಅಪ್ಪನನ್ನು ಅರಿಯದ ಅಂಗಡಿಯಿಲ್ಲ, ಆಸ್ಪತ್ರೆಯಿಲ್ಲ. ಮೈಸೂರು 120 ಕಿಲೋಮೀಟರ್, ಬೆಳಗ್ಗೆ ಹೋಗಿ ಸಂಜೆ ಮರಳಬಹುದು.

ಚುಚ್ಚುವ ಮೊದಲು ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಆಗ ನೆಟ್ಟಗೆ ಕುಳಿತು ಕನ್ನಡಿ ನೋಡು. ಎರಡೂ ಒಂದೇ ಎತ್ತರದಲ್ಲಿವೆಯೇ, ಹಾಲೆಯ ನಡುವಿಗೆ ಬಂದಿವೆಯೇ ಎಂದು ನೋಡು. ಅಂಚಿಗೆ ಹತ್ತಿರವಾದರೆ ಮುಂದೆ ಜುಮುಕಿಯ ಭಾರಕ್ಕೆ ತೂತು ಕೆಳಕ್ಕೆ ಜಗ್ಗಿ ಸೀಳುತ್ತದೆ. ಸೀಳಿದ ಹಾಲೆಗಳಿಗೆ ಹೊಲಿಗೆ ಹಾಕುವುದನ್ನು ಬಹಳ ನೋಡಿದ್ದೇನೆ. ಮೊದಲ ಆಭರಣ ಟೈಟೇನಿಯಮ್‌ನದಾಗಿರಲಿ: ಸಣ್ಣದು, ಹೊಳಪಿಲ್ಲದ್ದು, ಹಿಂದೆ ಚಪ್ಪಟೆ ಬಿಲ್ಲೆ ಇರುವಂಥದ್ದು. ಮೊದಲ ದಿನಗಳಲ್ಲಿ ಹಾಲೆ ಊದುತ್ತದೆ, ಆದ್ದರಿಂದ ಕಡ್ಡಿ ತುಸು ಉದ್ದವಿರಬೇಕು. ಕಡಿಮೆ ಬೆಲೆಯ ಓಲೆಗಳಲ್ಲಿ ನಿಕಲ್ ಬೆರೆತಿರುತ್ತದೆ. ಅದು ಆಗದವರು ಬಹಳ ಮಂದಿ. ತುರಿಕೆ, ನೀರು ಸುರಿಯುವುದು, ಎಲ್ಲಾ ಶುರುವಾಗುತ್ತದೆ.

ಈಗ ನಾನು ಮುಖ್ಯ ಎಂದುಕೊಂಡಿರುವ ಮಾತು. ಚುಚ್ಚಿದ ತೂತು ಒಂದು ಸುರಂಗದಂತೆ. ಹೊಸ ಚರ್ಮ ಮುಂದಿನಿಂದಲೂ ಹಿಂದಿನಿಂದಲೂ ಒಳಗೊಳಗೆ ಬೆಳೆಯುತ್ತಾ ಬಂದು ನಡುವೆ ಕೂಡಿಕೊಳ್ಳಬೇಕು. ಆದ್ದರಿಂದಲೇ ಎರಡು ವಾರಕ್ಕೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ. ಹಾಲೆಗೆ ಆರರಿಂದ ಎಂಟು ವಾರ ಬೇಕು. ಅಷ್ಟರೊಳಗೆ ಕಚೇರಿಗೆಂದು ಬೆಳಗ್ಗೆ ತೆಗೆದು ರಾತ್ರಿ ಹಾಕುವ ಆಟ ಆಡಿದರೆ ಪ್ರತಿ ಸಲವೂ ಸುರಂಗ ಕಿತ್ತುಬರುತ್ತದೆ. ಒಂದು ಹಗಲಿನಲ್ಲಿ ಮುಚ್ಚಿಕೊಂಡರೂ ಮುಚ್ಚಿಕೊಂಡಿತೇ. ನಮ್ಮ ಕಾಲದಲ್ಲಿ ದಿನಕ್ಕೆ ಹತ್ತು ಸಲ ತಿರುಗಿಸು ಎನ್ನುತ್ತಿದ್ದರು, ಬೇವಿನ ಕಡ್ಡಿ ಸಿಕ್ಕಿಸಿ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಮೆತ್ತುತ್ತಿದ್ದರು. ತಿರುಗಿಸುವುದು ತಪ್ಪು, ಹಸಿ ಗಾಯಕ್ಕೆ ಎಣ್ಣೆಯೂ ಬೇಡ. ಸ್ಪಿರಿಟ್, ಡೆಟಾಲ್ ಹತ್ತಿರವೂ ತರಬೇಡ. ಹೊಸ ಚರ್ಮವನ್ನು ಅವು ಸುಡುತ್ತವೆ. ಕೈಯನ್ನು ಸೋಪು ಹಾಕಿ ತೊಳೆದು, ಔಷಧ ಅಂಗಡಿಯ ಸಲೈನ್‌ನಿಂದ ದಿನಕ್ಕೆ ಎರಡು ಸಲ ತೋಯಿಸು, ಒದ್ದೆಯಿರದಂತೆ ಮೆಲ್ಲಗೆ ಒತ್ತು. ಸಲೈನ್ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಅಯೋಡಿನ್ ಇಲ್ಲದ ಉಪ್ಪು. ಉಪ್ಪು ಹೆಚ್ಚಾದರೆ ಗುಣ ಹೆಚ್ಚಾಗದು, ಉರಿ ಹೆಚ್ಚಾಗುತ್ತದೆ.

ತಿಳಿಯಾದ ನೀರು ಒಸರಿ ಹಕ್ಕಳೆ ಕಟ್ಟುವುದು ಸಹಜ, ಕೆರೆಯಬೇಡ. ಕೆಂಪು ಹರಡಿದರೆ, ಮುಟ್ಟಿದರೆ ಬಿಸಿಯೆನಿಸಿದರೆ, ಹಳದಿ ಹಸಿರು ಕೀವು ಬಂದರೆ, ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗು. ಹೆದರಿ ನೀನೇ ಓಲೆ ತೆಗೆಯಬೇಡ. ತೂತು ಮುಚ್ಚಿ ಕೀವು ಒಳಗೇ ಸಿಕ್ಕಿಕೊಳ್ಳುತ್ತದೆ.

ಕಾಲದ ಮಾತಿಗೆ ಬಂದರೆ, ಈಗಲೇ ಸರಿಯಾದ ಕಾಲ. ಮಳೆಗಾಲಕ್ಕೆ ಬಿಟ್ಟರೆ ನಮ್ಮ ಕೊಡಗಿನಲ್ಲಿ ಟವೆಲ್ ಒಣಗುವುದಿಲ್ಲ, ದಿಂಬು ಬೂಸಲು ಹಿಡಿಯುತ್ತದೆ, ಗಾಯ ಹೇಗೆ ಒಣಗೀತು? ಡಿಸೆಂಬರ್, ಜನವರಿಯಲ್ಲಿ ಎಲ್ಲರೂ ಕಿವಿಯ ಮೇಲೆ ಟೋಪಿ ಎಳೆದುಕೊಂಡೇ ಓಡಾಡುತ್ತಾರೆ. ನೀನು ಎಳೆದುಕೊಂಡರೆ ಯಾರೂ ಏನೂ ಕೇಳುವುದಿಲ್ಲ. ಉಣ್ಣೆಯ ಎಳೆ ಓಲೆಗೆ ಸಿಕ್ಕಿ ಎಳೆಯುತ್ತದೆ, ಆದ್ದರಿಂದ ಟೋಪಿಯ ಒಳಗೆ ಒಗೆದ ಹತ್ತಿ ಬಟ್ಟೆ ಕಟ್ಟಿಕೋ. ಹೆಲ್ಮೆಟ್ ವೈರಿ: ಹಾಕುವಾಗಲೂ ತೆಗೆಯುವಾಗಲೂ ಎರಡು ಕೈಯಲ್ಲಿ ಅಗಲಿಸು, ಆದರೆ ಮೊದಲ ಎರಡು ವಾರ ಬಸ್ಸಿನಲ್ಲೇ ಹೋಗು. ಕಚೇರಿಯಲ್ಲಿ ಟೋಪಿ ತೆಗೆಯಬೇಕಾದಾಗ ಕೂದಲು ಕಿವಿಗೆ ಬೀಳುವಂತಿರಲಿ. ಈಗಿನಿಂದಲೇ ಕತ್ತರಿಸುವುದನ್ನು ನಿಲ್ಲಿಸು. ತೀರಾ ಅಗತ್ಯ ಬಿದ್ದ ಒಂದೆರಡು ಗಂಟೆಗೆ ಚರ್ಮದ ಬಣ್ಣದ ಪೇಪರ್ ಟೇಪ್ ಅಂಟಿಸಬಹುದು. ದಿನವಿಡೀ ಅಂಟಿಸಿಟ್ಟರೆ ಬೆವರು ಕಟ್ಟಿ ಕೊಳೆಯುತ್ತದೆ.

ಪೂರ್ತಿ ಒಣಗಿದ ಮೇಲೆ ನಿನ್ನ ಹಾದಿ ಸುಲಭ. ಗಾಜಿನ ಪಾರದರ್ಶಕ ಕಡ್ಡಿಗಳು ಸಿಗುತ್ತವೆ. ಹಗಲು ಅವನ್ನು ಹಾಕಿಕೊಂಡರೆ ಎದುರು ಕುಳಿತವರಿಗೂ ತಿಳಿಯದು. ಮೊದಲ ಒಂದು ವರ್ಷ ತೂತನ್ನು ರಾತ್ರಿಯಿಡೀ ಖಾಲಿ ಬಿಡಬೇಡ. ಜುಮುಕಿ ಹಾಕುವ ದಿನ ಮಾಟಿಯನ್ನೂ ಹಾಕು. ಕಿವಿಯ ಮೇಲಿಂದ ಕೂದಲಿಗೆ ಸಿಕ್ಕಿಸುವ ಆ ಸರಪಳಿ ಅಂದಕ್ಕಷ್ಟೇ ಇಲ್ಲ, ಜುಮುಕಿಯ ಭಾರದಲ್ಲಿ ಒಂದು ಪಾಲನ್ನು ಅದೇ ಹೊರುತ್ತದೆ.

ಯಾರಾದರೂ ಕೇಳಿಯೇ ಬಿಟ್ಟರೆ? ಹರಕೆ ಎಂದು ಹೇಳು ಎಂದು ಯಾರಾದರೂ ಉಪಾಯ ಕೊಟ್ಟಾರು. ದೇವರ ಹೆಸರನ್ನು ಇದಕ್ಕೆ ಎಳೆಯಬೇಡ. ಯಾವ ದೇವರು, ಯಾವಾಗ ತೀರಿಸುತ್ತೀಯ ಎಂದು ಮುಂದಿನ ಪ್ರಶ್ನೆ ಬರುತ್ತದೆ. "ಇಷ್ಟವಾಯಿತು, ಚುಚ್ಚಿಸಿಕೊಂಡೆ" ಎಂದರೆ ಸಾಕು, ಅದು ನಿಜವೂ ಹೌದು. ನಿನ್ನ ಮುತ್ತಾತನ ಎರಡೂ ಕಿವಿಯಲ್ಲಿ ಒಂಟಿ ಎಂಬ ಗಂಡಸರ ಓಲೆ ಇತ್ತು, ನಾನು ಚಿಕ್ಕವಳಿದ್ದಾಗ ಅದನ್ನು ಹಿಡಿದು ಆಡಿದ್ದೇನೆ. ಕೊಡವರಲ್ಲಿ ಹಿಂದೆ ಹುಡುಗರ ಕಿವಿ ಚುಚ್ಚುವುದಕ್ಕೇ ಒಂದು ಮಂಗಳ ನಡೆಯುತ್ತಿತ್ತು. ಕಿವಿಯ ತೂತು ಈ ಮಣ್ಣಿನ ಗಂಡಸರಿಗೆ ಹೊಸದಲ್ಲ.

ಸೀರೆಯ ಮಾತು ಬೇರೆ, ಅದನ್ನು ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದು ನಿನ್ನ ಕೈಯಲ್ಲಿರಲಿ. ದೇವರಪುರದಲ್ಲಿ ಕುಂಡೆ ಹಬ್ಬಕ್ಕೆ ಗಂಡಸರು ಸೀರೆ ಉಟ್ಟು ಕುಣಿಯುತ್ತಾರೆ, ಆ ದಿನ ಯಾರೂ ತಪ್ಪೆನ್ನುವುದಿಲ್ಲ. ನಿನಗೆ ಬೇಕಾಗಿರುವುದು ಹಬ್ಬದ ವೇಷವಲ್ಲ ಎಂದು ನನಗೆ ಅರ್ಥವಾಗಿದೆ. ಉಡುಪಿನ ಮೂಲಕ ತನ್ನನ್ನು ತಾನು ತೋರಿಸಿಕೊಳ್ಳುವುದು ಸಂವಿಧಾನ ಕೊಟ್ಟ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಲಿಂಗ ಅಸ್ಮಿತೆಯ ತೀರ್ಪಿನಲ್ಲಿ ಹೇಳಿದೆ. ಯಾರಾದರೂ ನಿನ್ನನ್ನು ಬೆದರಿಸಿ ಹಣ ಕೇಳಿದರೆ ಒಂದು ರೂಪಾಯಿಯೂ ಕೊಡದೆ ನೇರವಾಗಿ ನನಗೆ ಹೇಳು.

ನಿನ್ನ ಅಮ್ಮನಿಗೆ ನಾನಾಗಿ ಹೇಳುವುದಿಲ್ಲ. ಅವಳೇ ಕೇಳಿದರೆ ಸುಳ್ಳನ್ನೂ ಹೇಳುವುದಿಲ್ಲ, ಅವನನ್ನೇ ಕೇಳು ಎನ್ನುತ್ತೇನೆ. ಅವಳು ನನ್ನ ತಂಗಿ, ಗಟ್ಟಿ ಮಾತಿನವಳು, ಆದರೆ ನಿನಗೆ ಜ್ವರ ಬಂದ ರಾತ್ರಿಗಳಲ್ಲಿ ಮಲಗಿದವಳಲ್ಲ.

ಮೈಸೂರಿಗೆ ಹೋಗುವ ದಿನವನ್ನು ಎರಡು ದಿನ ಮೊದಲೇ ತಿಳಿಸು. ನಾನೂ ಬರುತ್ತೇನೆ. ತೋಟದಲ್ಲಿ ಅರೇಬಿಕಾ ಹಣ್ಣು ಕೊಯ್ಯುತ್ತಿದ್ದಾರೆ, ಆದರೂ ಒಂದು ದಿನದ ಮಟ್ಟಿಗೆ ಆಳುಗಳ ಲೆಕ್ಕವನ್ನು ನಿನ್ನ ದೊಡ್ಡಪ್ಪ ನೋಡಿಕೊಳ್ಳುತ್ತಾರೆ. ವೈದ್ಯರ ಕೋಣೆಯಲ್ಲಿ ನಿನ್ನ ಪಕ್ಕದಲ್ಲಿ ಕುಳಿತಿರುತ್ತೇನೆ. ಬೆಳಗ್ಗೆ ತಿಂಡಿ ತಿಂದೇ ಬಾ, ಖಾಲಿ ಹೊಟ್ಟೆಯಲ್ಲಿ ಸೂಜಿ ಕಂಡರೆ ತಲೆ ಸುತ್ತುತ್ತದೆ. ಗುಂಡಿ ಇರುವ ಅಂಗಿ ಹಾಕಿಕೋ, ಸಂಜೆ ತಲೆಯ ಮೇಲಿಂದ ಎಳೆದು ತೆಗೆಯುವ ಕಷ್ಟವಿರುವುದಿಲ್ಲ.

ಇಂತಿ ನಿನ್ನ,
ದೊಡ್ಡಮ್ಮ