45 ದಿನದ ಗಡುವು, ಭೋಸರಿಯ ಬಾಕಿ ಬಿಲ್ಲು: ಮಹಾರಾಷ್ಟ್ರದ ಕೈಗಾರಿಕಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೆ,

ಪುಣೆಯ ಭೋಸರಿ, ಚಾಕಣ, ತಳವಡೆ ಕಡೆಯ ಸಣ್ಣ ಕಾರ್ಖಾನೆಗಳ ಲೆಕ್ಕಪತ್ರ ಮತ್ತು ಬಾಕಿ ವಸೂಲಿಯ ಕೆಲಸ ನೋಡುವ ಕನ್ನಡಿಗರು ನಾವು. ಮರಾಠಿ ಪ್ರತಿ ನಿಮ್ಮ ಕಚೇರಿಗೆ ಬಂದಿದೆ. ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಬಂದು ಇಲ್ಲಿ ಲೇಥು, ಪ್ರೆಸ್ಸು ಹಾಕಿಕೊಂಡವರೂ ಓದಲಿ ಎಂದು ಕನ್ನಡದಲ್ಲೂ ಬರೆಯುತ್ತಿದ್ದೇವೆ. ನಮ್ಮ ಮುಖ್ಯ ಬೇಡಿಕೆ ಇಷ್ಟೇ: ದೊಡ್ಡ ಕಂಪನಿಗೆ ರಾಜ್ಯದ ಪ್ರೋತ್ಸಾಹಧನ ಬಿಡುಗಡೆ ಮಾಡುವ ಮುನ್ನ, ಅದು ಸಣ್ಣವರ ಬಿಲ್ಲು ತೀರಿಸಿದೆಯೇ ನೋಡಿ.

2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಪಡೆದವರು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಪರ್ಚೇಸ್ ಆರ್ಡರಿನಲ್ಲಿ 90 ದಿನ, 120 ದಿನ ಎಂದು ಅಚ್ಚು ಹಾಕಿಸಿದರೂ ಅದು ನಿಲ್ಲುವುದಿಲ್ಲ. ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಎಂದಿಟ್ಟುಕೊಂಡರೆ ವರ್ಷಕ್ಕೆ ಶೇ 18. 10 ಲಕ್ಷ ರೂಪಾಯಿಯ ಬಿಲ್ಲು ಗಡುವಿನ ಮೇಲೆ ಮೂರು ತಿಂಗಳು ಕೂತರೆ ಬಡ್ಡಿಯೇ 45,678 ರೂಪಾಯಿ. ಈ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತೆಯೂ ಇಲ್ಲ.

ಇಷ್ಟು ಬಿಗಿ ಕಾಯ್ದೆ ಇದ್ದೂ ವ್ಯಾಜ್ಯ ಯಾಕೆ ಹುಟ್ಟುತ್ತದೆ? ಬಹುಪಾಲು ಕಂಪನಿಯ ಗೇಟಿನಲ್ಲೇ. ಮಾಲು ಒಪ್ಪಿಸಿದ 15 ದಿನದೊಳಗೆ ಕಂಪನಿ ಲಿಖಿತವಾಗಿ ತಕರಾರು ಎತ್ತದಿದ್ದರೆ, ಒಪ್ಪಿಸಿದ ದಿನವೇ ಸ್ವೀಕಾರದ ದಿನ ಎಂದು ಕಾಯ್ದೆ ಎಣಿಸುತ್ತದೆ. ವಾಸ್ತವದಲ್ಲಿ ಆಗುವುದು ಬೇರೆ. ಚಲನ್ (ಮಾಲಿನ ಜೊತೆ ಹೋಗುವ ಚೀಟಿ) ಮೇಲೆ ಸೆಕ್ಯುರಿಟಿಯ ಮುದ್ರೆ ಬೀಳುತ್ತದೆ, ಮಾಲು ಒಳಗೆ ಹೋಗುತ್ತದೆ, ಸ್ಟೋರಿನವರು ಜಿಆರ್‌ಎನ್ (ಮಾಲು ಬಂದದ್ದರ ದಾಖಲೆ) ಮಾಡುವುದು ಮೂರು ವಾರದ ಮೇಲೆ. ಅಕೌಂಟ್ಸ್ ವಿಭಾಗ ಅಲ್ಲಿಂದ ದಿನ ಎಣಿಸುತ್ತದೆ. ಎರಡು ತಿಂಗಳ ನಂತರ ಫೋನಿನಲ್ಲಿ "ಹತ್ತು ಪೀಸು ರಿಜೆಕ್ಟ್" ಎಂಬ ಮಾತು, ಹಿಂದೆಯೇ ಬಿಲ್ಲಿನ ಹಣ ಕಡಿತ ಮಾಡುವ ಡೆಬಿಟ್ ನೋಟ್. ಆ ಪೀಸು ವಾಪಸ್ ಬಂದಿರುವುದಿಲ್ಲ, ತಪಾಸಣೆಯ ವರದಿಯೂ ಇರುವುದಿಲ್ಲ. ಇಂಥ ಬಾಕಿಯ ದೂರು ಕೇಳುವ ಸೌಲಭ್ಯ ಮಂಡಳಿಯ ಮುಂದೆ ಕಂಪನಿ ಸೋಲುವುದು ಈ ಕಾಗದ ಇಲ್ಲದ್ದಕ್ಕೇ.

ಕೋರ್ಟು ಕಚೇರಿ ಬೇಡವೆನ್ನುವ ಕಂಪನಿಗಳಿಗೂ ಇದನ್ನೇ ಹೇಳುತ್ತೇವೆ. ಸರಬರಾಜುದಾರರ ಪಟ್ಟಿಯಲ್ಲಿ ಪ್ರತಿಯೊಬ್ಬರ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಸಂಖ್ಯೆ ಇರಲಿ. ಅವರು ತಯಾರಕರೋ ವ್ಯಾಪಾರಿಯೋ ಎಂಬುದನ್ನೂ ಬರೆದಿಡಿ, ಯಾಕೆಂದರೆ ಬರೀ ಕೊಂಡು ಮಾರುವವರಿಗೆ ಈ ಕಾಯ್ದೆಯ ಬಡ್ಡಿಯ ರಕ್ಷಣೆ ಸಿಗದು. ದಿನದ ಎಣಿಕೆ ಗೇಟಿನ ಮುದ್ರೆಯಿಂದ ಶುರುವಾಗಲಿ. ತಪಾಸಣೆ 10 ದಿನದಲ್ಲಿ ಮುಗಿಯಲಿ. ರಿಜೆಕ್ಟ್ ಆದರೆ ಎಷ್ಟು ಪೀಸು, ಯಾವ ಅಳತೆ ತಪ್ಪಿದೆ ಎಂದು ಇಮೇಲ್ ಹೋಗಲಿ. ತಕರಾರು ಇಲ್ಲದ ಭಾಗದ ಹಣವನ್ನು ತಡೆಯಬೇಡಿ. ನೂರು ಪೀಸಿನಲ್ಲಿ ಹತ್ತು ಕೆಟ್ಟರೆ ತೊಂಬತ್ತರ ದುಡ್ಡು ಗಡುವಿನೊಳಗೇ ಹೋಗಬೇಕು. ಇದೊಂದನ್ನು ಪಾಲಿಸಿದರೂ ಅರ್ಧ ಜಗಳ ಹುಟ್ಟುವುದೇ ಇಲ್ಲ. ಗಡುವು ಮೀರಿ ವರ್ಷಾಂತ್ಯಕ್ಕೂ ಬಾಕಿ ಉಳಿದ ಮೊತ್ತವನ್ನು ಆ ವರ್ಷದ ಖರ್ಚಾಗಿ ತೋರಿಸಲಾಗದು ಎಂಬ ಆದಾಯ ತೆರಿಗೆಯ ನಿಯಮ 2023–24ರ ಲೆಕ್ಕದಿಂದಲೇ ಬಂದಿದೆ. 180 ದಿನ ದಾಟಿದರೆ ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ಟನ್ನೂ (ಖರೀದಿಯ ಮೇಲಿನ ತೆರಿಗೆಗೆ ಪಡೆದ ಹೊಂದಾಣಿಕೆ) ಹಿಂದಿರುಗಿಸಬೇಕು. ತಡ ಮಾಡಿ ಉಳಿಸಿದೆವೆಂದುಕೊಂಡ ದುಡ್ಡು ಮೂರು ಕಡೆ ಸೋರುತ್ತದೆ.

"ಉದ್ಯಮ್ ನೋಂದಣಿ ರದ್ದು ಮಾಡಿಸಿ, ಆಗ ಆರ್ಡರ್ ಕೊಡುತ್ತೇವೆ" ಎನ್ನುವ ಕಂಪನಿಯದು ಸರಿಯಾದ ವ್ಯವಹಾರವಲ್ಲ. ಎದುರಿಗೆ ಹತ್ತು ಜನರ ಪಗಾರ ಕೊಡಬೇಕಾದ ಮನುಷ್ಯ ಇದ್ದಾನೆ. ಹಣ ಕೈಸೇರುವ ಮೊದಲೇ ಅವನು ಆ ಬಿಲ್ಲಿನ ಜಿಎಸ್‌ಟಿ ಕಟ್ಟಿರುತ್ತಾನೆ.

ನಮ್ಮ ವರ್ಕ್‌ಶಾಪಿನವರಿಗೂ ಒಂದು ಮಾತು. ಆರ್ಡರ್ ಹಿಡಿಯುವ ಮೊದಲೇ ನೋಂದಣಿ ಇರಲಿ. ಮಾಲು ಕಳಿಸಿದ ಮೇಲೆ ಮಾಡಿಸಿದ್ದರೆ ಅದರ ಮೇಲೆಯೇ ವಾದ ಏಳುತ್ತದೆ. ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಹಾಕಿ, ಮುದ್ರೆ ಬಿದ್ದ ಚಲನ್ ಜೋಪಾನ ಮಾಡಿ. ಕೊಳ್ಳುವ ಕಂಪನಿ ಚೆನ್ನೈನಲ್ಲಿರಲಿ, ದೆಹಲಿಯಲ್ಲಿರಲಿ, ನಿಮ್ಮ ಘಟಕ ಇರುವ ಜಾಗದ ಮಂಡಳಿಗೇ ದೂರು ಕೊಡಬಹುದು.

ಸಚಿವರೆ, ಇನ್ನು ನಿಮ್ಮ ಕೈಯಲ್ಲಿರುವ ಕೆಲಸ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿ ನಿಮ್ಮ ಇಲಾಖೆಯದು. ಅದಕ್ಕೆ ಬಂದ ಪ್ರಕರಣ 90 ದಿನದಲ್ಲಿ ತೀರಬೇಕೆಂದು ಕಾಯ್ದೆಯೇ ಹೇಳಿದೆ. ಪುಣೆ ವಿಭಾಗದ ಪ್ರಕರಣಗಳ ಅರ್ಜಿ ಬಂದ ದಿನ, ಮೊದಲ ವಿಚಾರಣೆಯ ದಿನ, ತೀರ್ಪಿನ ದಿನ, ಈ ಮೂರನ್ನು ಪ್ರತಿ ತಿಂಗಳು ಪ್ರಕಟಿಸಿ. ತೀರ್ಪನ್ನು ಪ್ರಶ್ನಿಸಬೇಕಾದರೆ ಕಂಪನಿ ಶೇ 75ರಷ್ಟು ಹಣವನ್ನು ಮೊದಲು ಕೋರ್ಟಿನಲ್ಲಿ ಇಡಬೇಕು. ತೀರ್ಪೇ ಹೊರಬೀಳದಿದ್ದರೆ ಆ ಬಲದಿಂದ ಯಾರಿಗೇನು ಸಿಕ್ಕಿತು?

ಎರಡನೆಯದು, ಮೊದಲೇ ಹೇಳಿದ ಪ್ರೋತ್ಸಾಹಧನ. ಲೆಕ್ಕಪರಿಶೋಧನೆಗೆ ಒಳಪಡುವ ಪ್ರತಿ ಖರೀದಿದಾರ ಕಂಪನಿ, ಸಣ್ಣವರಿಗೆ ಎಷ್ಟು ಅಸಲು, ಎಷ್ಟು ಬಡ್ಡಿ ಬಾಕಿ ಇದೆ ಎಂಬುದನ್ನು ವಾರ್ಷಿಕ ಲೆಕ್ಕದಲ್ಲೇ ತೋರಿಸಬೇಕೆಂದು ಕಾಯ್ದೆಯ 22ನೇ ಕಲಮು ಹೇಳುತ್ತದೆ. ಅಂದರೆ ಮಾಹಿತಿಗಾಗಿ ಹೊಸ ತನಿಖೆ ಬೇಕಿಲ್ಲ, ಹೊಸ ಕಾಯ್ದೆಯೂ ಬೇಕಿಲ್ಲ. ಕಂಪನಿ ಪ್ರೋತ್ಸಾಹಧನದ ಕ್ಲೇಮು ಹಾಕುವಾಗ ಆ ಪುಟದ ಪ್ರತಿ ಮತ್ತು ಕ್ಲೇಮಿನ ದಿನದವರೆಗಿನ ಬಾಕಿಯ ಬಗ್ಗೆ ಆಡಿಟರ್ ಪ್ರಮಾಣಪತ್ರ ಲಗತ್ತಿಸಲಿ. 45 ದಿನ ಮೀರಿದ, ತಕರಾರಿಲ್ಲದ ಬಾಕಿ ಇದ್ದರೆ ಅದು ತೀರುವ ತನಕ ಆ ಕಂತು ತಡೆಯಿರಿ. ರಾಜ್ಯ ಸರ್ಕಾರದ ನಿಗಮಗಳೂ, ಪಾಲಿಕೆಗಳೂ ಕೊಳ್ಳುವವರೇ. ಅವುಗಳ ಬಾಕಿಯ ಪಟ್ಟಿಯನ್ನೂ ಮಂಡಳಿಯ ಪಟ್ಟಿಯ ಪಕ್ಕದಲ್ಲೇ ಹಾಕಿಸಿ.

ಇದಕ್ಕೆ ಬೇಕಿರುವುದು ಕ್ಲೇಮಿನ ಅರ್ಜಿಯಲ್ಲಿ ಒಂದು ಹೊಸ ಅಂಕಣ. ಅದರ ಕರಡನ್ನು ಈ ಪತ್ರದ ಮರಾಠಿ ಪ್ರತಿಯ ಜೊತೆಗೇ ಇಟ್ಟಿದ್ದೇವೆ. ಮುಂದಿನ ಕಂತಿನ ಅರ್ಜಿಗಳು ಬರುವ ಮೊದಲು ಅದನ್ನು ಸೇರಿಸಲು ಸಾಧ್ಯವೇ, ತಿಳಿಸಿ.

ಇಂತಿ,
ಪುಣೆ ಮತ್ತು ಪಿಂಪ್ರಿ-ಚಿಂಚವಡದ ಕೆಲವು ಕನ್ನಡಿಗ ಲೆಕ್ಕಿಗರು, ವಕೀಲರು